ಹುಡುಗ ಹೇಗಲ್ಲ ಎಂಬ ವಿಚಾರ

ವನಿತಾ: ಜೈಲಿನ ಮಾತು ಯಾಕ್ರೀ ಎತ್ತಿದ್ರಿ?

ಅವರೆಕಾಯಿ ಸುಲಿಯುತ್ತ ಬೆಳಗಿನಿಂದ ನನ್ನ ಹೆಂಡತಿ ಕೇಳುತ್ತಿದ್ದುದು ಇದೊಂದೇ ಪ್ರಶ್ನೆ. ಅವಳ ತಮ್ಮ ಸೋಮನಾಥನಿಗೆ ಯಲಹಂಕದ ಕಡೆ ಹೆಣ್ಣು ನೋಡಿದ್ದೆವು. ಹುಡುಗಿಯ ತಂದೆ ಶ್ರೀರಾಮಪ್ಪನವರು ಹುಡುಗನ ಗುಣ ವಿಚಾರಿಸಲು ಭಾವನಾದ ನನಗೇ ಫೋನ್ ಮಾಡಿದ್ದರು. ನಾನು ಮತ್ತಿಕೆರೆಯಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಆ ವಾರ ತರಗತಿಯಲ್ಲಿ ಕ್ರೈಸ್ತರ ನಿಷೇಧ ದೇವತಾಶಾಸ್ತ್ರದ, ಅಂದರೆ ದೇವರು ಏನಲ್ಲ ಎಂದಷ್ಟೇ ಹೇಳುವ ಪದ್ಧತಿಯ, ಪಾಠ ನಡೆಯುತ್ತಿತ್ತು. ಎಡವಟ್ಟಾದದ್ದು ಅಲ್ಲೇ.

ನಾನು: ಎತ್ತಲಿಲ್ಲ ಕಣೇ. ಜೈಲಿಗೆ ಹೋದವನಲ್ಲ ಅಂದೆ.

ವನಿತಾ: ಹೋಗಿದ್ನಾ ಅಂತ ಅವರು ಕೇಳಿದ್ರಾ?

ನಾನು: ಇಲ್ಲ. ಹುಡುಗ ಹೇಗೆ ಅಂದ್ರು. ಹೇಗೆ ಅಂತ ಹೇಳೋದು ಕಷ್ಟ, ಹೇಗಲ್ಲ ಅಂತ ಹೇಳ್ತೀನಿ ಅಂದೆ. ಕುಡುಕ ಅಲ್ಲ, ಕಳ್ಳ ಅಲ್ಲ, ಜೈಲಿಗೆ ಹೋದವನಲ್ಲ. ಆಮೇಲೆ ಸುಮ್ಮನಾದೆ.

ವನಿತಾ: ಸುಮ್ನೆ ಯಾಕಾದ್ರಿ?

ನಾನು: ಆ ಪದ್ಧತೀನೇ ಹಾಗೆ. ದೇವರು ಒಳ್ಳೆಯವನು ಅಂದ್ರೂ ಸಾಲಲ್ಲ, ನಮಗೆ ಗೊತ್ತಿರೋ ಒಳ್ಳೇತನ ತೀರಾ ಚಿಕ್ಕದು ಅಂತಾರೆ ಆ ಹಳೇ ಸಂತರು. ಅದಕ್ಕೇ ಅವನು ಇದಲ್ಲ, ಅದಲ್ಲ ಅಂತ ಒಂದೊಂದೇ ತೆಗೀತಾ ಹೋಗಿ, ಕೊನೆಗೆ ಮೌನ. ಇದರ ಬೇರು ಗ್ರೀಕ್ ತತ್ವಜ್ಞಾನದಲ್ಲಿದೆ. ಎಲ್ಲದಕ್ಕೂ ಮೂಲವಾದದ್ದು ಮಾತಿಗೆ ಸಿಗಲ್ಲ ಅಂತ ಅವರು...

ವನಿತಾ: ನಮ್ ತಾತನೂ ನೇತಿ ನೇತಿ ಅಂತಿದ್ರು, ದೇವರ ವಿಷಯಕ್ಕೆ. ಸೋಮು ದೇವರೇನ್ರೀ? ಗೊರಗುಂಟೆಪಾಳ್ಯದಲ್ಲಿ ಟೈಲ್ಸ್ ಅಂಗಡಿ ಇಟ್ಕೊಂಡಿದಾನೆ ಅನ್ನೋಕೆ ಏನ್ ಕಷ್ಟ?

ನಾನು: ಅಂಗಡಿ ಸೋಮು ಅಲ್ಲವಲ್ಲ.

ಒಂದು ಅವರೆಕಾಯಿ ಬಂದು ನನ್ನ ಕನ್ನಡಕಕ್ಕೆ ಬಡಿಯಿತು. ಅದು ವಾದವಲ್ಲ ಎನ್ನಬೇಕೆಂದಿದ್ದೆ. ಬುಟ್ಟಿ ಇನ್ನೂ ತುಂಬಿತ್ತು.

ವನಿತಾ: ಅವನಿಗೆ ನಲವತ್ತು ಹತ್ರ ಬಂತು. ಬಂದ ಸಂಬಂಧ ಎಲ್ಲಾ ತಪ್ಪೋದ್ವು. ಇದೂ ಹೋದ್ರೆ ಅವನ ಮುಖ ಹೇಗ್ರೀ ನೋಡ್ಲಿ?

ಅವಳ ದನಿ ಒಡೆಯಿತು, ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನನ್ನ ಪಾಠದಿಂದ ಯಾವ ವಿದ್ಯಾರ್ಥಿಗೂ ಹಾನಿಯಾಗಿರಲಿಲ್ಲ, ಏಕೆಂದರೆ ಯಾರೂ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಂಡ ಮೊದಲ ಮನುಷ್ಯ ಶ್ರೀರಾಮಪ್ಪ.

ಅಷ್ಟರಲ್ಲಿ ಅವರದೇ ಫೋನ್ ಬಂತು. ವನಿತಾ ಕಸಿದುಕೊಂಡು ಸ್ಪೀಕರಿಗೆ ಹಾಕಿದಳು.

ಶ್ರೀರಾಮಪ್ಪ: ಮೇಷ್ಟ್ರೇ, ಆ ಜೈಲಿನ ಇಸ್ಯ ನಾಕ್ ಕಡೆ ಇಚಾರಿಸ್ದೆ. ಅಂಥಾದ್ದೇನೂ ಇಲ್ವಂತೆ.

ನಾನು: ನಾನೂ ಅದನ್ನೇ ಹೇಳಿದ್ದು.

ಶ್ರೀರಾಮಪ್ಪ: ಉಡುಗೀನೂ ಕೇಳ್ದೆ. ಬ್ಯಾಡ ಅಂದಿಲ್ಲ. ಮುಂದಿನ್ ವಾರ ಬತ್ತೀವಿ.

ಫೋನ್ ಇಟ್ಟಾಗ ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ವನಿತಾ ಆಗಲೇ ಸಕ್ಕರೆ ಡಬ್ಬಿ ತರಲು ಎದ್ದಿದ್ದಳು.

ನಾನು: ಬೇಡ ಅಂದಿಲ್ಲ ಅಂದ್ರು, ಅಷ್ಟೇ. ಹೂಂ ಅಂದಳು ಅಂತ ಹೇಳಲೇ ಇಲ್ಲವಲ್ಲ.

ವನಿತಾ: ಬೇಡ ಅಂದಿಲ್ಲ ಅಂದ್ರೆ ಒಪ್ಪಿದಾಳೆ ಅಂತ ಕಣ್ರೀ. ಹೆಣ್ಣಿನ ಕಡೆಯವರು ಹೇಳೋದೇ ಹಾಗೆ. ಇಷ್ಟೂ ಗೊತ್ತಾಗದೆ ಅದೇನ್ ಪಾಠ ಮಾಡ್ತೀರೋ.

ಒಂದು ಚಮಚ ಸಕ್ಕರೆ ನನ್ನ ಬಾಯಿಗೆ ಬಿತ್ತು. ಅದರ ಜೊತೆಗೇ ಒಂದು ಹಳೆಯ ನೆನಪೂ ಬಂತು.

ನಾನು: ನಿಮ್ಮಪ್ಪನೂ ಅವತ್ತು ಹುಡುಗಿ ಬೇಡ ಅಂದಿಲ್ಲ ಅಂತಲೇ ಹೇಳಿದ್ದು. ನೀನು ಒಪ್ಪಿದ್ದೆ ತಾನೇ?

ವನಿತಾ ಮತ್ತೆ ಬುಟ್ಟಿಯ ಮುಂದೆ ಕೂತು ಅವರೆಕಾಯಿ ಸುಲಿಯತೊಡಗಿದಳು. ಮೌನವನ್ನೇ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವ ನನಗೆ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವ ಧೈರ್ಯ ಬರಲಿಲ್ಲ.