ಸಮಾಜವಾದಿ ಕಾಂಕ್ರೀಟು, ಧಾರವಾಡದ ಕ್ವಾರ್ಟರ್ಸು

ಸಮಾಜವಾದಿ ವಾಸ್ತುಶಿಲ್ಪದ ಬಗ್ಗೆ ಮನೆಯಲ್ಲಿ ಬಾಯಿ ಬಿಡಬಾರದೆಂದು ಪ್ರತಿಸಲ ತೀರ್ಮಾನಿಸುತ್ತೇನೆ. ಪ್ರತಿಸಲ ಯಾವುದಾದರೊಂದು ಗೋಡೆ ಬಾಯಿ ಬಿಡಿಸುತ್ತದೆ.

ಮೊಳೆ

ಸಿಡ್ನಿಯ ನಾರ್ವೆಸ್ಟ್‌ನಲ್ಲಿ ನಮ್ಮದು ಹೊಚ್ಚಹೊಸ ಅಪಾರ್ಟ್‌ಮೆಂಟ್, ರೆಂಟಿನದು. ಸರ್ಕಾರಿ ಎಂಜಿನಿಯರಾಗಿ ನಿವೃತ್ತರಾದ ಮಾವ ಧಾರವಾಡದಿಂದ ಬಂದ ಮರುದಿನವೇ ದೇವರ ಫೋಟೊ ತೂಗುಹಾಕಲು ಹೊರಟರು. ಸುತ್ತಿಗೆ ಎತ್ತುವ ಮೊದಲೇ, ಹೆಬ್ಬೆರಳು ಒತ್ತಿದ್ದಕ್ಕೆ ಮೊಳೆ ಪೂರ್ತಿ ಒಳಗೆ ಹೋಯಿತು. ಗೋಡೆಯನ್ನು ಬೆರಳಿನಿಂದ ಬಡಿದು ನೋಡಿದರು. ಡಬ್ ಡಬ್.

"ಅಳಿಯಾರ, ಇದು ಪ್ಯಾಕಿಂಗ್ ಐತಿ. ಮನಿ ಯಾವಾಗ ಬರ್ತೈತಿ?"

ಬಿಸಿಲು

ಆಮೇಲೆ ಕೆಲಸ ಮೆಲ್ಬರ್ನ್‌ಗೆ ಎಳೆತಂದಿತು. ಊರಾಚೆಯ ಬಡಾವಣೆ ಪಾಯಿಂಟ್ ಕುಕ್‌ನಿಂದ ದಿನಾ ಫ್ರೀವೇ ಸವೆಸಿ ಸಾಕಾಗಿ, ಕೊಳ್ಳಲೆಂದು ಸಿಟಿಯ ಹತ್ತಿರ ಒಂದು ಫ್ಲ್ಯಾಟ್ ಹುಡುಕಿದೆ. ಒಂದು ಕಾಲದಲ್ಲಿ ಸರ್ಕಾರ ಕಾರ್ಮಿಕರಿಗೆಂದು ಕಟ್ಟಿಸಿ, ಆಮೇಲೆ ಮಾರಿಬಿಟ್ಟ ಬೂದು ಕಾಂಕ್ರೀಟ್ ಕಟ್ಟಡ. ನನಗೆ ಅದೇ ಬೇಕಿತ್ತು. ಹೆಂಡತಿ ಒಪ್ಪದೆ ಸಹಿ ಬೀಳುವಂತಿರಲಿಲ್ಲ.

ಅವಳು ಅದನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ರೀ, ಇದು ಕ್ವಾರ್ಟರ್ಸ್."

"ಅಲ್ಲ, ಸಮಾಜವಾದಿ ವಾಸ್ತುಶಿಲ್ಪ. ಎಲ್ಲರಿಗೂ ಒಂದೇ ಅಳತೆಯ ಕಿಟಕಿ, ಎಲ್ಲರಿಗೂ ಅಷ್ಟೇ ಬಿಸಿಲು."

"ನಮ್ಮಪ್ಪನ ಕ್ವಾರ್ಟರ್ಸ್‌ನಾಗ ಎಲ್ಲಾರ ಮನಿನೂ ಒಂದಽ ನಮೂನಿ ಸೋರತಿತ್ತು. ಯಾರೂ ಅದಕ್ಕ ಸಮಾಜವಾದ ಅನ್ನಲಿಲ್ಲ."

ಗಿಲಾವು

ಶನಿವಾರ ಏಜೆಂಟ್ ಒಳಗೆಲ್ಲ ತೋರಿಸಿದ. ಆ ವರ್ಷ ಮತ್ತೆ ಬಂದಿದ್ದ ಮಾವನೂ ಜೊತೆಗಿದ್ದರು. ಏಜೆಂಟ್ ಗೋಡೆಯ ಮೇಲೆ ಕೈಯಾಡಿಸಿ, "ಬ್ರೂಟಲಿಸ್ಟ್" ಎಂದ. ಹೆಂಡತಿಯ ಹುಬ್ಬು ಏರಿತು. ಅದು ಶೈಲಿಯ ಹೆಸರು, ಗಿಲಾವು ಮಾಡದೆ ಕಾಂಕ್ರೀಟನ್ನು ಹಾಗೇ ಬಿಡುತ್ತಾರೆ ಎಂದು ನಾನು ವಿವರಿಸತೊಡಗಿದೆ.

"ಗಿಲಾವು ಮಾಡಿಲ್ಲ?" ಮಾವನ ಮುಖ ಅರಳಿತು. "ಇಂಥಾದ್ಕ ನಾವು 'ಕಾಮಗಾರಿ ಪೂರ್ಣಗೊಂಡಿದೆ' ಅಂತ ಬೋರ್ಡ್ ಹಾಕ್ತಿದ್ವಿ."

ಕಾರಿಡಾರು

ಹೊರಗಿನ ಉದ್ದನೆಯ ಕಾರಿಡಾರಿನಲ್ಲಿ ಒಬ್ಬ ಆಂಟಿ ಬಟ್ಟೆ ಒಣಹಾಕುತ್ತಿದ್ದರು. ಮಂಗಳೂರಿನವರು, ಮನೆಮಾತು ಕೊಂಕಣಿ, ಆಸ್ಪತ್ರೆಯ ಕಿಚನ್‌ನಲ್ಲಿ ಕೆಲಸ. ನಮ್ಮ ಮಾತು ಕಿವಿಗೆ ಬಿದ್ದದ್ದೇ, "ಹೋ, ಕನ್ನಡವಾ ಮಾರಾಯ್ರೆ? ಬನ್ನಿ, ಚಾ ಕುಡ್ದು ಹೋಗಿ" ಎಂದರು. ಹೆಂಡತಿ "ಎರಡು ನಿಮಿಷ" ಎಂದು ಹೋದಳು.

ಏಜೆಂಟ್ ನಾಲ್ಕು ಸಲ ಗಡಿಯಾರ ನೋಡಿದ. ಸೋಮವಾರದೊಳಗೆ ತಿಳಿಸಿ, ಬೇರೆಯವರೂ ಕೇಳುತ್ತಿದ್ದಾರೆ ಎಂದು ಹೇಳಿ ಬೀಗ ಹಾಕಿ ಹೊರಟ. ನಾನು ಆಸೆ ಬಿಟ್ಟೆ.

ಮುಕ್ಕಾಲು ತಾಸಾದ ಮೇಲೆ ಬಂದಳು. ಕೈಯಲ್ಲೊಂದು ದಪ್ಪ ಫೈಲು.

"ಏನದು?"

"ನಾ ಈ ಕಟ್ಟಡದ ಕಮಿಟಿ ಸೆಕ್ರೆಟರಿ ಆದೆ. ಎರಡು ವರ್ಷದಿಂದ ಜಾಗಾ ಖಾಲಿ ಇತ್ತಂತ. ಅವಿರೋಧ ಆಯ್ಕೆ."

"ಎಷ್ಟು ಜನ ನಿಂತಿದ್ದರು?"

"ನಾ ಒಬ್ಬಾಕಿ."

"ಓಟು ಹಾಕಿದವರು?"

"ಆಂಟಿ. ಅವರಽ ಅಧ್ಯಕ್ಷರು."

ಸಮಾಜವಾದಿ ಚುನಾವಣೆಗಳ ಬಗ್ಗೆ ನಾನು ಸಾಕಷ್ಟು ಓದಿದ್ದೇನೆ. ಇಷ್ಟು ಶುದ್ಧವಾದದ್ದನ್ನು ಎಲ್ಲೂ ಕಂಡಿರಲಿಲ್ಲ.

"ಅಲ್ಲ, ಇಲ್ಲಿ ಮನೆಯೇ ಇಲ್ಲದವಳು ಸೆಕ್ರೆಟರಿ ಆಗೋದು ಹೇಗೆ?"

"ಆಂಟಿನೂ ಅದನ್ನಽ ಕೇಳಿದ್ರು," ಎಂದು ಫೈಲು ಬಿಚ್ಚಿದಳು. "ನಮ್ಮ ಮನಿಯವರು ಸೋಮವಾರ ಸಹಿ ಹಾಕಬೇಕು ಅಂತ ಠರಾವು ಪಾಸ್ ಮಾಡೇವಿ."