ಡಬ್ಬಿಗೆ ಕಂಡ ಗಿರಾಕಿಗಳು

ಅಂಗಡಿ ಗೋಡೆಗೆ ವೈಫೈ ಡಬ್ಬಿ ಕೂರಿಸುತ್ತ ಊರೂರು ತಿರುಗೋನು ನಗೋಕೆ ಅಂತ ಬೇರೆಲ್ಲೂ ಹೋಗಬೇಕಾಗಿಲ್ಲ. ಏಣಿ ಇಳಿಯೋದರೊಳಗೆ ಏನಾದರೊಂದು ಆಗಿರುತ್ತೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ಹಿಡಿದ ಕೆಲಸಗಳಲ್ಲಿ ನನಗೆ ಬೇಜಾರಾಗದೆ ಉಳಿದಿರೋದು ಇದೊಂದೇ. ಆ ಡಬ್ಬಿಯೇ ಅಂಥದ್ದು. ಜೇಬಿನಲ್ಲಿರೋ ಫೋನು 'ಇಲ್ಲಿ ವೈಫೈ ಇದೆಯಾ' ಅಂತ ಆಗಾಗ ಕೂಗುತ್ತಿರುತ್ತೆ. ಡಬ್ಬಿ ಆ ಕೂಗಿನ ಜೋರು ನೋಡಿ, ಫೋನು ಎಷ್ಟು ಹತ್ತಿರ ಇದೆ, ಎಷ್ಟು ಹೊತ್ತು ನಿಂತಿತ್ತು ಅಂತ ಅಂದಾಜು ಮಾಡಿ ಪರದೆ ಮೇಲೆ ಒಂದು ಚುಕ್ಕಿ ಇಡುತ್ತೆ. ಅಂಗಡಿಯವರ ಲೆಕ್ಕದಲ್ಲಿ ಒಂದು ಚುಕ್ಕಿ ಅಂದರೆ ಒಬ್ಬ ಗಿರಾಕಿ. ಹೆಸರು ಕೇಳಲ್ಲ, ಮುಖ ನೋಡಲ್ಲ. ಎಂಥ ಮರ್ಯಾದಸ್ಥ!

ಒಬ್ಬ ಸೀರೆ ಅಂಗಡಿ ಯಜಮಾನರಿಗೆ ಇದು ಹಿಡಿಸಿಬಿಟ್ಟಿತು. ಅವರಿಗೆ ಕೊಳ್ಳೇಗಾಲ, ಯಳಂದೂರು, ಹನೂರು, ಮೂರು ಕಡೆ ಅಂಗಡಿ. "ಮೂರ್ಕೂ ಹಾಕು ಕಣ್ಲಾ. ಜನ ಬರ್ದೇ ಇರೋ ಅಂಗ್ಡೀನ ದೀಪಾವಳಿ ಆದ್ಮೇಲೆ ಮುಚ್ಬುಡ್ತೀನಿ" ಅಂದರು. ಲೆಕ್ಕ ಒಪ್ಪಿಸೋಕೆ ಬಂದಿದ್ದ, ಹನೂರಿನ ಅಂಗಡಿ ನೋಡಿಕೊಳ್ಳೋ ಅಕ್ಕನ ಮುಖ ಬಾಡಿತು. ಆಕೆಯ ಮನೆ ನಡೆಯೋದೇ ಅದರಿಂದ.

ಕೊಳ್ಳೇಗಾಲದ ನೂಕುನುಗ್ಗಲು

ಡಬ್ಬಿ ಹಾಕಿದ ದಿನವೇ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರು ಅಂಗಡಿ ಮುಂದೆ ಕೆಟ್ಟು ನಿಂತಿತು. ಹಿಂದೆ ಸಾಲಾಗಿ ಬಸ್ಸುಗಳು. ಮದುವೆ ಊಟಕ್ಕೆ ಕೂತಿದ್ದ ಯಜಮಾನರು ಫೋನಿನಲ್ಲಿ ಪರದೆ ನೋಡಿದರು. "ಅಂಗ್ಡೀಲಿ ಕಾಲಿಡಕ್ ಜಾಗಿಲ್ಲ ಕಣ್ಲಾ!" ಅಂತ ಎಲೆ ಬಿಟ್ಟು ಓಡಿ ಬಂದರು. ಒಳಗೆ ಸೀರೆ ಮಡಿಸೋ ಹೆಂಗಸು ಒಬ್ಬಳೇ ಆಕಳಿಸುತ್ತಿದ್ದಳು.

"ಜನ ಎಲ್ಲಮ್ಮಾ?"

"ಬಸ್ಸಲ್ ಕೂತವ್ರೆ ಸಾ. ಇಳೀರಿ ಅನ್ಲಾ?"

ಯಳಂದೂರಿನ ನಿಯತ್ತಿನವರು

ದೂರದ ಕೂಗಿಗೆ ಅಂಗಡಿ ಹೊರಗೆ ಚುಕ್ಕಿ ಇಡು, ಒಳಗಿನ ಲೆಕ್ಕಕ್ಕೆ ಬೇಡ ಅಂತ ಡಬ್ಬಿಗೆ ಹೇಳಿಕೊಟ್ಟೆ. ಒಂದೇ ಸಲಕ್ಕೆ ಕಲಿತುಬಿಟ್ಟಿತು. ನಾನಾಗಿದ್ದರೆ ಮೇಷ್ಟ್ರು ಕೋಲು ಮುರೀತಿದ್ದರು. ಆದರೆ ಒಂದು ಬೆಳಿಗ್ಗೆ ಯಜಮಾನರ ಫೋನು: "ಯಳಂದೂರಲ್ಲಿ ಇನ್ನೂ ಬೀಗ ತೆಗ್ದಿಲ್ಲ, ಒಳಗ್ ಜನ ಸೇರವ್ರೆ! ಬಾರ್ಲಾ!"

ಇಬ್ಬರು ಹಮಾಲಿಗಳು ದೊಣ್ಣೆ ಹಿಡಿದು ಶಟರ್ ಎತ್ತಿದರು. ಸೀರೆ ಉಟ್ಟ ಬೊಂಬೆಗಳು ಬಿಟ್ಟರೆ ನರಪಿಳ್ಳೆ ಇಲ್ಲ. ನಾನು ಹಿಂದಿನ ಗೋಡೆ ತಟ್ಟಿದೆ. ಅದರಾಚೆ ಮೊಬೈಲ್ ರಿಪೇರಿ ಅಂಗಡಿ; ಚಾರ್ಜಿಗೆ ಹಾಕಿದ ಫೋನುಗಳೆಲ್ಲ ಕೂಗುತ್ತ ಕೂತಿವೆ.

"ಅಂಗಾರೆ ಇಷ್ಟ್ ದಿನ ನಮ್ಮಂಗ್ಡೀಲಿ ಗಂಟೆಗಟ್ಲೆ ನಿಂತಿದ್ದೋರು ಇವೇನಾ?" ಅಂದರು ಹಿಂದೆ ನಿಂತಿದ್ದ ಯಜಮಾನರು.

"ಊಂ ಸಾ. ಬಲು ನಿಯತ್ತಿನ ಗಿರಾಕಿಗಳು. ಬೀಗ ಹಾಕುದ್ರೂ ಓಗಲ್ಲ" ಅಂದೆ.

ಹನೂರಿನ ಬೆಂಚು

ಹನೂರಿನದು ತಿರುಗಾಮುರುಗಾ. ಅಂಗಡಿಯಲ್ಲಿ ಚುಕ್ಕಿಯೇ ಇಲ್ಲ, ಎದುರಿನ ಟೀ ಅಂಗಡಿ ಕಡೆ ಗಿಜಿಗಿಜಿ. "ನೋಡ್ಲಾ, ಟೀ ಕುಡ್ದು ಅಂಗೇ ವಾಪಸ್ ಓಯ್ತಾವ್ರೆ. ಇದ್ನೇ ಮುಚ್ಚದು" ಅಂದರು ಯಜಮಾನರು.

ನಾನು ಹೋಗಿ ನೋಡಿದರೆ ಅಂಗಡಿ ತುಂಬ ಹೆಂಗಸರು! ಮದುವೆ ಸೀರೆ ಆರಿಸೋಕೆ ಅಜ್ಜಿಯಿಂದ ನಾದಿನಿವರೆಗೆ ಎಲ್ಲರೂ ಜಮಖಾನದ ಮೇಲೆ ಕೂತಿದ್ದಾರೆ. ಡಬ್ಬಿ ಯಾಕೆ ಸುಮ್ಮನಿದೆ ಅಂತ ನನಗೇ ತಲೆ ಕೆಟ್ಟಿತು.

ಅಕ್ಕ ಅಂದಳು: "ಇವ್ರ ಕೈಲಿರೋದು ಬಟನ್ ಫೋನು ತಮ್ಮಾ. ವೈಫೈ ಗಿಯ್‌ಫೈ ಇರೋದೆಲ್ಲ ಗಂಡುಸ್ರ ಜೇಬಲ್ಲಿ. ಅವ್ರು ಸೀರೆ ಅಂಗ್ಡಿ ಮೆಟ್ಲು ಅತ್ತಲ್ಲ, ಟೀ ಅಂಗ್ಡೀಲೇ ಠಿಕಾಣಿ."

"ಡಬ್ಬಿಗೆ ಜೇಬೇ ಬೇಕಲ್ಲಕ್ಕಾ."

"ಅಷ್ಟೇನಾ? ಜೇಬ್ನೇ ಒಳಿಕ್ ಕರುಸ್ತೀನಿ ಇರು."

ಎರಡು ಬೆಂಚು ಹಾಕಿಸಿದಳು, ಮೇಲೊಂದು ಫ್ಯಾನು, ಜೊತೆಗೊಂದು ಪೇಪರು. ಟೀ ಅಂಗಡಿಯವನಿಗೆ, "ಇನ್ಮೇಲೆ ಟೀ ಇಲ್ಲಿಗೇ ಕೊಡಪ್ಪ" ಅಂದಳು. ಚುಕ್ಕಿಗಳು ಒಂದೊಂದಾಗಿ ರಸ್ತೆ ದಾಟಿ ಒಳಗೆ ಬರೋದನ್ನ ಪರದೆಯಲ್ಲಿ ನೋಡುತ್ತ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಡಬ್ಬಿ ದೊಡ್ಡದೋ ಅಕ್ಕ ದೊಡ್ಡೋಳೋ!

ಯಜಮಾನರು ಕಾರು ಹತ್ತಿ ಬಂದರು. ಜಮಖಾನದ ಮೇಲೆ ಸೀರೆ ರಾಶಿ, ಸುತ್ತ ಹೆಂಗಸರು. ಫ್ಯಾನಿನ ಕೆಳಗೆ ಸಾಲಾಗಿ ಗಂಡಸರ ಗೊರಕೆ. ಬಿಲ್ ಪುಸ್ತಕ ತಿರುವಿ ಹಾಕಿದರು. "ಈ ಅಂಗ್ಡಿ ಇರ್ಲಿ ಬುಡವ್ವ" ಅಂತ ತಾವೂ ಬೆಂಚಿನ ಮೇಲೆ ಕೂತು, ಟೀ ಕುಡಿದು, ಗಾಳಿಗೆ ಮೈ ಕೊಟ್ಟರು.

ಸಂಜೆ ಅಕ್ಕನ ಫೋನು ಬಂತು. ಶಟರ್ ಎಳೆಯೋ ಹೊತ್ತು, ಎಲ್ಲ ಚುಕ್ಕಿ ಮನೆಗೆ ಹೋದರೂ ಒಂದು ಮಾತ್ರ ಬೆಂಚು ಬಿಟ್ಟು ಅಲ್ಲಾಡುತ್ತಿಲ್ಲವಂತೆ.

"ಅಲ್ಲೂ ಯಳಂದೂರಿನಂಗೆ ರಿಪೇರಿ ಅಂಗ್ಡಿ ಫೋನೇನಕ್ಕಾ?"

"ಅಲ್ಲ ಕಣಪ್ಪಾ, ಯಜಮಾನ್ರು! ಜನ ಬರಲ್ಲ ಬರಲ್ಲ ಅಂತಿದ್ರು, ಈಗ ನೋಡು, ಬಂದೋರು ಏಳುಸುದ್ರೂ ಏಳ್ತಾ ಇಲ್ಲ!"