ಜೇವರ್ಗಿ ಮೊಹರಿನ ಪತ್ರ

ಬುದ್ಧಿವಂತೆ ಎನಿಸಿಕೊಳ್ಳುವ ಚಟ ಒಮ್ಮೆ ಹತ್ತಿತೆಂದರೆ ಬಿಡಿಸುವುದು ಕಷ್ಟ. ನನಗದು ಆಳಂದದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದಾಗ ಹತ್ತಿತು. ಈಚೆಗೆ ಕಂಪ್ಯೂಟರ್ ಕಲಿಯುತ್ತಿರುವ ನನ್ನ ತಮ್ಮನ ಮಗಳು ಹೇಳಿದಳು: ಅವರ ಇಂಟರ್ನೆಟ್ಟಿನಲ್ಲೂ ಸುಳ್ಳು ವಿಳಾಸ ಹಾಕಿ ಕಳಿಸುವ ಖದೀಮರಿದ್ದಾರಂತೆ. ಆ ವಿಳಾಸಕ್ಕೆ ನಾವು ಉತ್ತರ ಕಳಿಸಿದರೆ ಅದು ಯಾವ ದಾರಿಯಿಂದ ಹೋಗುತ್ತದೋ, ಅದೇ ದಾರಿಯಿಂದ ಬಾರದ್ದನ್ನು ಬಾಗಿಲಲ್ಲೇ ತಡೆಯುತ್ತಾರಂತೆ. "ಅಯ್ಯ, ಇದೇನು ಮಹಾ! ನಾನು ಎಂದೋ ಮಾಡಿದ್ದೆ" ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡೆ.

ಆಗ ನಮ್ಮ ಹುಡುಗಿಯರಿಗೆ ಅವರ ತಂದೆಯ ಹೆಸರು, ಊರು ಹಾಕಿ ಪತ್ರ ಬರೆಯುವ ಪುಂಡರ ಕಾಟ. ಒಬ್ಬಳು ಅಳುತ್ತ ಒಂದನ್ನು ತಂದುಕೊಟ್ಟಳು. ಕೆಳಗೆ 'ನಿನ್ನ ಪ್ರೀತಿಯ ತಂದೆ' ಎಂದು ಸಹಿ. ಒಳಗೆ ನೋಡಿದರೆ ಆ ತಂದೆಗೆ ಮಗಳ ಹೊಸ ರಿಬ್ಬನ್ನಿನ ಬಣ್ಣ ಗೊತ್ತು, ಅವಳು ನಕ್ಕರೆ ಅವನಿಗೆ ನಿದ್ದೆ ಬರುವುದಿಲ್ಲ! ನಿಜವಾದ ತಂದೆಯೋ ಹೆಬ್ಬೆಟ್ಟು ಒತ್ತುವವರು. ಅಂದೇ ನಾನೊಂದು ಕಾಯಿದೆ ಮಾಡಿದೆ. ನಾವು ಒಂದು ಊರಿಗೆ ಹಾಕಿದ ಪತ್ರ ಯಾವ ಅಂಚೆ ಕಚೇರಿಯ ಮೂಲಕ ಹೋಗುತ್ತದೋ, ಆ ಊರಿನಿಂದ ಬಂದ ಪತ್ರದ ಮೇಲೂ ಅದೇ ಅಂಚೆಯ ಮೊಹರು ಇರಬೇಕು. ಇಲ್ಲದಿದ್ದರೆ ಅದು ಕಳ್ಳಪತ್ರ, ನನ್ನ ಕಪಾಟಿಗೆ. ಪರರ ಪತ್ರ ಒಡೆದು ಓದುವಷ್ಟು ಹಲ್ಕಾ ಹೆಂಗಸು ನಾನಲ್ಲ, ಮೊಹರು ನೋಡುವುದಷ್ಟೆ. ಪುಂಡರು ಸುಮ್ಮನಾದರು. ಪಾಲಕರು "ಭಾಳ ಶಾಣ್ಯಾ ಇದ್ದೀರ್ರಿ ಅಕ್ಕೋರ" ಎಂದರು. ನಾನು ಸೆರಗು ಸರಿಮಾಡಿಕೊಂಡು ಇನ್ನಷ್ಟು ಶಾಣ್ಯಾ ಆದೆ.

ಘತ್ತರಗಿಯ ಮಹಾದೇವಿ ಹತ್ತನೆಯ ಇಯತ್ತೆಯಲ್ಲಿದ್ದಳು. ಅವಳ ತಾಯಿಗೆ ಹುಷಾರಿರಲಿಲ್ಲ. ತಂದೆಯ ಪತ್ರವಿಲ್ಲದೆ ಯಾರನ್ನೂ ಊರಿಗೆ ಕಳಿಸಬಾರದೆಂಬುದು ಹಾಸ್ಟೆಲ್ಲಿನ ನಿಯಮ. ದಿನಾ ಸಾಲಿ ಬಿಟ್ಟ ಕೂಡಲೇ ಓಡಿಬಂದು "ಅಪ್ಪಂದೇನರೆ ಬಂದದೇನ್ರಿ ಅಕ್ಕೋರ?" ಎನ್ನುತ್ತಿದ್ದಳು. "ಇಲ್ಲ ಬೇ, ಬಂದ್ರ ಕಳಸ್ತೇನಿ, ಓದ್ಕೋ ಹೋಗು" ಎನ್ನುತ್ತಿದ್ದೆ. ಘತ್ತರಗಿ ವಿಳಾಸದ ಪತ್ರವೊಂದು ಬಂದಿತ್ತು ನಿಜ. ಆದರೆ ಘತ್ತರಗಿಯ ಅಂಚೆ ಹೋಗಿಬರುವ ಅಫಜಲಪುರದ ಮೊಹರು ಇರಬೇಕಾದಲ್ಲಿ ಜೇವರ್ಗಿಯದಿತ್ತು. ಅವ್ವಗೆ ಆರಾಮಿಲ್ಲದ ಹುಡುಗಿಯನ್ನೂ ಬಿಡುವುದಿಲ್ಲವಲ್ಲ ಈ ಹಾಳಾದವ ಎಂದು ಬೈದು, ಕಪಾಟಿಗೆ ಹಾಕಿ ಕೀಲಿ ತಿರುಗಿಸಿದೆ.

ಎಂಟು ದಿನದ ಮೇಲೆ ಅವಳ ತಂದೆಯೇ ಬಂದರು.

"ಪತ್ರ ಮುಟ್ಟಲಿಲ್ಲೇನ್ರಿ ಅಕ್ಕೋರ? ಗುಡಿಗೆ ಬಂದವರು ಜೇವರ್ಗಿಗೆ ಹೊಂಟಿದ್ರು, ಲಗೂ ಮುಟ್ಲಿ ಅಂತ ಅವ್ರ ಕೈಯಾಗ ಕೊಟ್ಟಿದ್ನಿರಿ. ಆಕಿ ಕಡೀತನಕ ಮಗಳು ಬಂದ್ಲೇನು ಅಂತ ಬಾಗಲಾನೇ ನೋಡಿದಳ್ರಿ. ನಿನ್ನೆ ಮಣ್ಣು ಮಾಡಿದ್ವಿ."

ಹೋಗುವವರು ಸಿಕ್ಕರೆ ಅವರ ಕೈಗೇ ಪತ್ರ ಕೊಟ್ಟು, ಮುಂದಿನ ಊರಿನಲ್ಲಿ ಡಬ್ಬಿಗೆ ಹಾಕಿಸುವುದು ನಮ್ಮ ಕಡೆಯ ರೂಢಿ. ಖಜೂರಿ ಊರಿನ ಕಡೆ ಹೋಗುವ ಲಾರಿಯವರ ಕೈಯಲ್ಲಿ ನಾನೇ ಎಷ್ಟು ಸಲ ಕೊಟ್ಟಿಲ್ಲ! ಕಾಯಿದೆ ಮಾಡುವಾಗ ಮಾತ್ರ ಅದು ನೆನಪಾಗಿರಲಿಲ್ಲ. ಕೀಲಿ ತೆಗೆದು, ಅಪ್ಪನ ಪಕ್ಕಕ್ಕೆ ಬಂದು ನಿಂತಿದ್ದ ಮಗಳ ಕೈಗೆ ಪತ್ರ ಕೊಟ್ಟೆ.

ಮಹಾದೇವಿ ಅದನ್ನು ಒಡೆಯಲಿಲ್ಲ. ಮೇಲಿನ ವಿಳಾಸದ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ, "ನನಗೊಮ್ಮೆ ತೋರ್ಸಿದ್ರ ಸಾಕಿತ್ತಲ್ರಿ ಅಕ್ಕೋರ. ಅಪ್ಪನ ಅಕ್ಷರ ನಾ ಗುರ್ತ ಹಿಡೀತಿದ್ದೆ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಊರು, ದಾರಿ, ತಾಲ್ಲೂಕು ಎಲ್ಲವನ್ನೂ ವಿಚಾರಿಸಿದ ಮಹಾಬುದ್ಧಿವಂತೆ, ಪತ್ರ ಯಾರಿಗೆ ಬಂದಿತ್ತೋ ಆ ಹುಡುಗಿಯನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ.